ಸಲಹೆ ಕೊಟ್ಟವರು, ಸಾಕ್ಷಿ ಬರೆದವರು

ಜುಮಾ ಖುತ್ಬಾದ ಕೊನೆಯಲ್ಲಿ ಇಮಾಮರು ಲೋಕದ ಮರ್ದಿತರಿಗಾಗಿ ದುಆ ಮಾಡುತ್ತಾರೆ. ಫೆಲೆಸ್ತೀನ್‌ನ ಜೊತೆಯಲ್ಲಿ ಮ್ಯಾನ್ಮಾರ್‌ನ ರೊಹಿಂಗ್ಯಾ ಜನರ ಹೆಸರೂ ಬರುತ್ತದೆ. ನಾವು ಆಮೀನ್ ಹೇಳಿ ಚಪ್ಪಲಿ ಹುಡುಕಲು ಹೊರಡುತ್ತೇವೆ. ಆ ಜನರ ಮೇಲೆ ದೊಡ್ಡ ದುರಂತ ಎರಗುವುದಕ್ಕೆ ಒಂದು ವರ್ಷ ಮೊದಲೇ ಅದನ್ನು ತಪ್ಪಿಸಬೇಕೆಂದು ಒಂದು ಸಲಹಾ ಆಯೋಗ ರಚನೆಯಾಗಿತ್ತು, ವಿಶ್ವಸಂಸ್ಥೆಯ ಮಾಜಿ ಮಹಾ ಕಾರ್ಯದರ್ಶಿಯೇ ಅದರ ಅಧ್ಯಕ್ಷರಾಗಿದ್ದರು, ಅದರ ವರದಿ ಹೊರಬಂದ ಮರುದಿನವೇ ಹಳ್ಳಿಗಳು ಹೊತ್ತಿ ಉರಿಯತೊಡಗಿದವು ಎಂಬ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಮಾನವ ಹಕ್ಕುಗಳ ಉಲ್ಲಂಘನೆ ನಡೆದಾಗಲೆಲ್ಲ "ಅಂತರರಾಷ್ಟ್ರೀಯ ಸಮಿತಿ ರಚಿಸಿ" ಎಂಬ ಬೇಡಿಕೆ ಏಳುತ್ತದೆ. ನಾವೂ ಆ ಬೇಡಿಕೆಗೆ ದನಿಗೂಡಿಸುತ್ತೇವೆ. ಆದರೆ ಇಂತಹ ಸಮಿತಿಗಳಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ರಾಖೈನ್‌ನ ಇತಿಹಾಸದಿಂದ ಕಲಿಯಬೇಕಾಗಿದೆ.

ಹೆಸರಿದ್ದವರು ಹೆಸರಿಲ್ಲದವರಾದುದು

ಬಂಗಾಳ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಇಂದಿನ ರಾಖೈನ್ ರಾಜ್ಯವೇ ಹಿಂದಿನ ಅರಾಕಾನ್. 1430ರಿಂದ ಸುಮಾರು ಮೂರೂವರೆ ಶತಮಾನ ಅಲ್ಲಿ ಮ್ರಾವೂಕ್-ಊ ರಾಜಧಾನಿಯಾಗಿದ್ದ ಸ್ವತಂತ್ರ ರಾಜ್ಯವಿತ್ತು. ರಾಜರು ಬೌದ್ಧರಾಗಿದ್ದರು. ಆದರೆ ಬಂಗಾಳದ ಸುಲ್ತಾನರೊಡನೆ ನಂಟಿತ್ತು, ಆಸ್ಥಾನದಲ್ಲಿ ಮುಸ್ಲಿಮ್ ಅಧಿಕಾರಿಗಳೂ ಕವಿಗಳೂ ಇದ್ದರು. 1784ರ ಕೊನೆಯಲ್ಲಿ ಬರ್ಮಾದ ದೊರೆ ಬೋದಾಪಾಯನ ಸೇನೆ ಅದನ್ನು ವಶಪಡಿಸಿಕೊಂಡಿತು. 1826ರಲ್ಲಿ ಬ್ರಿಟಿಷರು ಅದನ್ನು ತಮ್ಮದಾಗಿಸಿಕೊಂಡರು.

ಕರ್ನಾಟಕದ ಇತಿಹಾಸ ಓದಿದವರಿಗೆ ಫ್ರಾನ್ಸಿಸ್ ಬುಕನನ್‌ನ ಪರಿಚಯವಿರುತ್ತದೆ. ಟಿಪ್ಪು ಸುಲ್ತಾನರು ಹುತಾತ್ಮರಾದ ಬಳಿಕ, 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರ್‌ಗಳಲ್ಲಿ ಸಂಚರಿಸಿ, ಇಲ್ಲಿನ ಬೆಳೆ, ಕಸುಬು, ಜಾತಿ, ಜನಾಂಗಗಳ ಬಗ್ಗೆ ವಿವರವಾಗಿ ಬರೆದಿಟ್ಟ ವೈದ್ಯ ಆತ. ಅದಕ್ಕಿಂತ ಮೊದಲು ಆತ ಬರ್ಮಾಕ್ಕೂ ಹೋಗಿದ್ದ. ಅಲ್ಲಿನ ಭಾಷೆಗಳ ಬಗ್ಗೆ 1799ರಲ್ಲಿ ಪ್ರಕಟವಾದ ಲೇಖನದಲ್ಲಿ, ಅರಾಕಾನ್‌ನಲ್ಲಿ ಬಹುಕಾಲದಿಂದ ನೆಲೆಸಿರುವ ಮುಸ್ಲಿಮರು ತಮ್ಮನ್ನು "ರೂಯಿಂಗಾ" ಎಂದು ಕರೆದುಕೊಳ್ಳುತ್ತಾರೆ ಎಂದು ದಾಖಲಿಸಿದ್ದಾನೆ. ಈ ಒಂದು ಸಾಲು ಎಷ್ಟು ಮುಖ್ಯವೆಂದು ಮುಂದೆ ತಿಳಿಯುತ್ತದೆ.

1948ರಲ್ಲಿ ಬರ್ಮಾ ಸ್ವತಂತ್ರವಾಯಿತು. ಆರಂಭದ ವರ್ಷಗಳಲ್ಲಿ ಈ ಜನರಿಗೆ ಮತದಾನದ ಹಕ್ಕಿತ್ತು, ಸಂಸತ್ತಿನಲ್ಲಿ ಅವರ ಪ್ರತಿನಿಧಿಗಳಿದ್ದರು. 1960ರ ದಶಕದ ಆರಂಭದಲ್ಲಿ ಸರಕಾರಿ ರೇಡಿಯೊದಲ್ಲಿ ರೊಹಿಂಗ್ಯಾ ಭಾಷೆಯ ಕಾರ್ಯಕ್ರಮವೂ ಪ್ರಸಾರವಾಗುತ್ತಿತ್ತು. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಕಸಿದುಕೊಂಡ ಬಳಿಕ ಗಾಳಿ ಬದಲಾಯಿತು. 1978ರಲ್ಲಿ "ನಾಗಮಿನ್" ಎಂಬ ಸೇನಾ ಕಾರ್ಯಾಚರಣೆಗೆ ಬೆದರಿ 2 ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿದರು. 1991-92ರಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಮತ್ತೆ ಗಡಿ ದಾಟಿದರು.

ಇವೆರಡರ ನಡುವೆ ಬಂದುದು 1982ರ ಪೌರತ್ವ ಕಾನೂನು. 1823ಕ್ಕಿಂತ ಮೊದಲೇ ದೇಶದಲ್ಲಿ ನೆಲೆಸಿದ್ದ ಜನಾಂಗಗಳಿಗೆ ಮಾತ್ರ ಪೂರ್ಣ ಪೌರತ್ವದ ಹಕ್ಕು ಎಂದು ಅದು ಗೆರೆ ಎಳೆಯಿತು. ಸರಕಾರ ಮಾನ್ಯ ಮಾಡಿದ 135 ಜನಾಂಗಗಳ ಪಟ್ಟಿಯಲ್ಲಿ ರೊಹಿಂಗ್ಯಾ ಹೆಸರಿಲ್ಲ. ಆ ಗೆರೆಗಿಂತ 24 ವರ್ಷ ಮೊದಲೇ ಬುಕನನ್ ಅವರ ಹೆಸರು ಬರೆದಿದ್ದ ಎಂಬುದು ಕಾನೂನಿಗೆ ಬೇಕಾಗಲಿಲ್ಲ. ಅವರು "ಬೆಂಗಾಲಿ"ಗಳಾದರು, ಅಂದರೆ ನುಸುಳುಕೋರರಾದರು.

2012ರ ಜೂನ್ ಮತ್ತು ಅಕ್ಟೋಬರ್‌ನ ಗಲಭೆಗಳಲ್ಲಿ ಸುಮಾರು 1 ಲಕ್ಷ 40 ಸಾವಿರ ಮಂದಿ ನಿರಾಶ್ರಿತರಾದರು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ರಾಜಧಾನಿ ಸಿಟ್ವೆಯ ಹೊರಗಿನ ಶಿಬಿರಗಳಲ್ಲಿ ಅವರನ್ನು ಇರಿಸಲಾಯಿತು, ಹೊರಗೆ ಹೋಗಲು ಪರವಾನಿಗೆ ಬೇಕಾಯಿತು. 2014ರ ಜನಗಣತಿಯಲ್ಲಿ ತಮ್ಮನ್ನು ರೊಹಿಂಗ್ಯಾ ಎಂದು ಬರೆಸಲು ಅವರಿಗೆ ಅವಕಾಶ ಸಿಗಲಿಲ್ಲ. 2015ರಲ್ಲಿ ಅವರ ಕೈಯಲ್ಲಿದ್ದ ತಾತ್ಕಾಲಿಕ ಬಿಳಿ ಚೀಟಿಗಳನ್ನೂ ಹಿಂಪಡೆಯಲಾಯಿತು, ಅದರೊಂದಿಗೆ ಮತದಾನದ ಹಕ್ಕೂ ಹೋಯಿತು.

ಆಯೋಗದ ಒಂದು ವರ್ಷ

2015ರ ನವೆಂಬರ್‌ನ ಚುನಾವಣೆಯಲ್ಲಿ ಆಂಗ್ ಸಾನ್ ಸೂಚಿಯವರ ಪಕ್ಷ ಗೆದ್ದಿತು. ವರ್ಷಗಟ್ಟಲೆ ಗೃಹಬಂಧನ ಅನುಭವಿಸಿದ, ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮಹಿಳೆ ಅಧಿಕಾರಕ್ಕೆ ಬಂದಾಗ ಜಗತ್ತಿನ ಮುಸ್ಲಿಮರೂ ಸಂತೋಷಪಟ್ಟರು. ಆದರೆ ಸಂವಿಧಾನದ ಪ್ರಕಾರ ಸೇನೆ, ಪೊಲೀಸ್ ಮತ್ತು ಗಡಿ ವ್ಯವಹಾರಗಳ ಖಾತೆಗಳು ಜನರಲ್‌ಗಳ ಕೈಯಲ್ಲೇ ಉಳಿದವು. ಸಂಸತ್ತಿನ ನಾಲ್ಕನೇ ಒಂದು ಭಾಗ ಸ್ಥಾನಗಳೂ ಅವರಿಗೇ ಮೀಸಲಾಗಿದ್ದವು.

2016ರ ಆಗಸ್ಟ್‌ನಲ್ಲಿ ಸೂಚಿಯವರು ರಾಖೈನ್ ರಾಜ್ಯಕ್ಕಾಗಿ ಒಂದು ಸಲಹಾ ಆಯೋಗವನ್ನು ಘೋಷಿಸಿದರು. ಕೋಫಿ ಅನ್ನಾನ್ ಅಧ್ಯಕ್ಷರು. ಒಟ್ಟು 9 ಸದಸ್ಯರಲ್ಲಿ 6 ಮಂದಿ ಮ್ಯಾನ್ಮಾರ್‌ನವರು, 3 ಮಂದಿ ಹೊರಗಿನವರು. ಅನ್ನಾನ್‌ರ ಜೊತೆಗಿದ್ದ ಹೊರಗಿನವರು ಲೆಬನಾನ್‌ನ ಗಸ್ಸಾನ್ ಸಲಾಮೆ ಮತ್ತು ನೆದರ್‌ಲ್ಯಾಂಡ್ಸ್‌ನ ರಾಯಭಾರಿಯಾಗಿದ್ದ ಲೆಟೀಷಿಯಾ ವಾನ್ ಡೆನ್ ಆಸ್ಸುಮ್. ದೇಶದೊಳಗಿನ ಸದಸ್ಯರಲ್ಲಿ ರಾಖೈನ್ ಬೌದ್ಧರಿದ್ದರು, ಇಬ್ಬರು ಮುಸ್ಲಿಮರಿದ್ದರು. ಆದರೆ ಯಾರ ಸಂಕಟಕ್ಕಾಗಿ ಜಗತ್ತು ಕಣ್ಣಿಟ್ಟಿತ್ತೋ ಆ ರೊಹಿಂಗ್ಯಾ ಸಮುದಾಯದ ಒಬ್ಬರೂ ಇರಲಿಲ್ಲ.

ಅನ್ನಾನ್ ಈ ಕೆಲಸವನ್ನು ಒಪ್ಪಿಕೊಂಡದ್ದು ಹಗುರ ಮನಸ್ಸಿನಿಂದ ಇರಲಾರದು. 1994ರಲ್ಲಿ ರುವಾಂಡಾದಲ್ಲಿ ಲಕ್ಷಾಂತರ ಜನರ ಹತ್ಯೆ ನಡೆದಾಗ ವಿಶ್ವಸಂಸ್ಥೆಯ ಶಾಂತಿಪಾಲನಾ ವಿಭಾಗದ ಮುಖ್ಯಸ್ಥರಾಗಿದ್ದವರು ಅವರೇ. ಆಗ ಜಗತ್ತು ಸಕಾಲದಲ್ಲಿ ಕೈ ಚಾಚಲಿಲ್ಲ.

2016ರ ಸೆಪ್ಟೆಂಬರ್ 6ರಂದು ಆಯೋಗ ಸಿಟ್ವೆಗೆ ಬಂದಿಳಿದಾಗ ಫಲಕ ಹಿಡಿದ ಪ್ರತಿಭಟನಕಾರರು ಎದುರಾದರು. ವಿದೇಶಿಯರು ನಮ್ಮ ವಿಷಯದಲ್ಲಿ ತಲೆಹಾಕಬಾರದು ಎಂಬುದು ಅವರ ಕೂಗು. ಆಯೋಗವನ್ನೇ ರದ್ದು ಮಾಡಬೇಕೆಂಬ ನಿರ್ಣಯ ಸಂಸತ್ತಿನಲ್ಲಿ ಮಂಡನೆಯಾಯಿತು. ಸೇನೆಯ ಸದಸ್ಯರು ಅದನ್ನು ಬೆಂಬಲಿಸಿದರು. ಸೂಚಿಯವರ ಪಕ್ಷಕ್ಕೆ ಬಹುಮತವಿದ್ದುದರಿಂದ ಮಾತ್ರ ನಿರ್ಣಯ ಬಿದ್ದುಹೋಯಿತು. ಅಂದರೆ ಆಯೋಗದ ಕೆಲಸ ಶುರುವಾಗುವ ಮೊದಲೇ, ಬಂದೂಕು ಯಾರ ಕೈಯಲ್ಲಿತ್ತೋ ಅವರು ತಮಗೆ ಈ ಸಲಹೆ ಬೇಡವೆಂದು ತಿಳಿಸಿಯಾಗಿತ್ತು.

ಆಯೋಗ ಒಂದು ವರ್ಷ ದುಡಿಯಿತು. ಸಿಟ್ವೆ, ಯಾಂಗೂನ್, ನೇಪಿಡೊಗಳಲ್ಲಿಯೂ ಬಾಂಗ್ಲಾದೇಶದಲ್ಲಿಯೂ ನೂರಕ್ಕೂ ಹೆಚ್ಚು ಸಭೆಗಳನ್ನು ನಡೆಸಿತು. 2016ರ ಅಕ್ಟೋಬರ್ 9ರಂದು ರೊಹಿಂಗ್ಯಾ ಶಸ್ತ್ರಧಾರಿಗಳು ಮೂರು ಗಡಿ ಠಾಣೆಗಳ ಮೇಲೆ ದಾಳಿ ಮಾಡಿ 9 ಪೊಲೀಸರನ್ನು ಕೊಂದರು. ಸೇನೆಯ ಪ್ರತೀಕಾರಕ್ಕೆ ಬೆದರಿ 70 ಸಾವಿರಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಹೋದರು. ಆಯೋಗ ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. 2017ರ ಮಾರ್ಚ್‌ನಲ್ಲಿ ಮಧ್ಯಂತರ ವರದಿ ಕೊಟ್ಟಿತು, 2017ರ ಆಗಸ್ಟ್ 24ರಂದು ಅಂತಿಮ ವರದಿ ಪ್ರಕಟಿಸಿತು.

ಆ ವರದಿಯಲ್ಲಿ 88 ಶಿಫಾರಸುಗಳಿದ್ದವು. ಪೌರತ್ವ ಪರಿಶೀಲನೆಯನ್ನು ಚುರುಕುಗೊಳಿಸಬೇಕು, 1982ರ ಕಾನೂನನ್ನು ಮರುಪರಿಶೀಲಿಸಬೇಕು, ಜನರಿಗೆ ಓಡಾಡುವ ಸ್ವಾತಂತ್ರ್ಯ ಕೊಡಬೇಕು, ಶಿಬಿರಗಳನ್ನು ಮುಚ್ಚಿ ಜನರನ್ನು ಊರಿಗೆ ಮರಳಿಸಬೇಕು, ನೆರವು ಸಂಸ್ಥೆಗಳಿಗೂ ಪತ್ರಕರ್ತರಿಗೂ ಪ್ರವೇಶ ಕೊಡಬೇಕು, ಇವೆಲ್ಲವನ್ನೂ ಜಾರಿಗೊಳಿಸಲು ಸಚಿವ ಮಟ್ಟದ ಒಬ್ಬರನ್ನು ನೇಮಿಸಬೇಕು ಎಂದು ಅದು ಹೇಳಿತು. ಜಗತ್ತಿನ ಅತಿದೊಡ್ಡ ದೇಶರಹಿತ ಸಮುದಾಯ ಇದೇ ಎಂದೂ ಎಚ್ಚರಿಸಿತು. ರಾಖೈನ್‌ನ ಬಡತನದ ಪ್ರಮಾಣ ಶೇ. 78, ಅದು ದೇಶದ ಸರಾಸರಿಯ ಎರಡು ಪಟ್ಟು ಎಂಬ ಅಂಕಿಅಂಶವೂ ಅದರಲ್ಲಿತ್ತು. ಅಲ್ಲಿನ ಬೌದ್ಧರೂ ಬಡವರು, ಅವರಿಗೂ ದೂರುಗಳಿವೆ ಎಂಬುದನ್ನು ಆಯೋಗ ಮರೆಯಲಿಲ್ಲ. ಅದು ನ್ಯಾಯವಾದ ಮಾತು.

ಆದರೆ ಇಡೀ ವರದಿಯಲ್ಲಿ ಆ ಜನರನ್ನು ಅವರ ಹೆಸರಿನಿಂದ ಕರೆಯಲಿಲ್ಲ. ಸೂಚಿಯವರ ಕೋರಿಕೆಯಂತೆ ಆಯೋಗ "ಬೆಂಗಾಲಿ" ಎಂದೂ ಬರೆಯಲಿಲ್ಲ, "ರೊಹಿಂಗ್ಯಾ" ಎಂದೂ ಬರೆಯಲಿಲ್ಲ. "ಮುಸ್ಲಿಮರು" ಎಂದಷ್ಟೇ ಬರೆಯಿತು. ಸಲಹೆ ಕೇಳಿದವರ ಮನಸ್ಸು ನೋಯಿಸದೆ ಸಲಹೆ ಕೊಡಬೇಕಾದವರ ಇಕ್ಕಟ್ಟು ಇದು.

ಆಗಸ್ಟ್ 25ರ ಬೆಳಗಿನ ಜಾವ

ವರದಿ ಪ್ರಕಟವಾದ ಕೆಲವೇ ಗಂಟೆಗಳಲ್ಲಿ "ಅರ್ಸಾ" ಎಂಬ ಶಸ್ತ್ರಧಾರಿ ಗುಂಪು ಸುಮಾರು 30 ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಸೇನೆಗೆ ಬೇಕಾಗಿದ್ದ ನೆಪ ಸಿಕ್ಕಿತು. ಮುಂದಿನ ವಾರಗಳಲ್ಲಿ ಊರೂರೇ ಸುಟ್ಟುಹೋದವು. 7 ಲಕ್ಷಕ್ಕೂ ಹೆಚ್ಚು ಮಂದಿ ನಾಫ್ ನದಿ ಮತ್ತು ಗುಡ್ಡಗಳನ್ನು ದಾಟಿ ಕಾಕ್ಸ್ ಬಜಾರ್ ಸೇರಿದರು. ಗಡಿರಹಿತ ವೈದ್ಯರ ಸಂಸ್ಥೆ ಶಿಬಿರಗಳಲ್ಲಿ ಸಮೀಕ್ಷೆ ನಡೆಸಿ, ಮೊದಲ ಒಂದು ತಿಂಗಳಲ್ಲೇ ಕನಿಷ್ಠ 6,700 ಮಂದಿ ಹಿಂಸೆಗೆ ಬಲಿಯಾದರೆಂದೂ ಅವರಲ್ಲಿ ಕನಿಷ್ಠ 730 ಮಂದಿ 5 ವರ್ಷದೊಳಗಿನ ಮಕ್ಕಳೆಂದೂ ಅಂದಾಜಿಸಿತು.

ಇಲ್ಲಿ ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ಅದೇ ಆಗಸ್ಟ್ 25ರಂದು ಖಾ ಮಾಂಗ್ ಸೇಕ್ ಪ್ರದೇಶದ ಹಿಂದೂ ಗ್ರಾಮಸ್ಥರನ್ನು ಅರ್ಸಾದವರು ಕೊಂದರು. ಮಹಿಳೆಯರು, ಮಕ್ಕಳು ಸೇರಿದಂತೆ 99 ಮಂದಿಯವರೆಗೆ ಸತ್ತಿರಬಹುದೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2018ರ ಮೇ ತಿಂಗಳ ವರದಿಯಲ್ಲಿ ಹೇಳಿತು. ಇದನ್ನು ಮುಚ್ಚಿಟ್ಟು ರೊಹಿಂಗ್ಯಾ ಜನರ ಪರವಾಗಿ ಮಾತನಾಡಿದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಸ್ವತಃ ನಮಗೆ, ನಮ್ಮ ಬಂಧುಗಳಿಗೆ ವಿರುದ್ಧವಾಗಿದ್ದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂಬ ಸೂರಃ ಅನ್ನಿಸಾದ ಆದೇಶ ನಮ್ಮ ಮುಂದಿದೆ. ಕೆಲವು ಶಸ್ತ್ರಧಾರಿಗಳ ಪಾಪಕ್ಕೆ ಲಕ್ಷಾಂತರ ನಿರಪರಾಧಿಗಳನ್ನು ಶಿಕ್ಷಿಸುವುದು ಹೇಗೆ ಅನ್ಯಾಯವೋ, ನಮ್ಮ ಹೆಸರಿನವರು ಮಾಡಿದ ಕೊಲೆಯನ್ನು ಹೇಳದೆ ಉಳಿಯುವುದೂ ಹಾಗೆಯೇ ಅನ್ಯಾಯ.

ಸಮಿತಿಯ ಮೇಲೆ ಸಮಿತಿ

88 ಶಿಫಾರಸುಗಳನ್ನು ಜಾರಿಗೊಳಿಸುತ್ತೇವೆಂದು ಸರಕಾರ ಹೇಳಿತು. ಅದಕ್ಕೊಂದು ಸಮಿತಿ ಮಾಡಿತು. ಆ ಸಮಿತಿಗೆ ಸಲಹೆ ನೀಡಲು 2017ರ ಡಿಸೆಂಬರ್‌ನಲ್ಲಿ ಇನ್ನೊಂದು ಸಲಹಾ ಮಂಡಳಿಯನ್ನು ನೇಮಿಸಿತು. ಥಾಯ್ಲೆಂಡಿನ ಮಾಜಿ ವಿದೇಶಾಂಗ ಸಚಿವ ಸುರಕಿಯಾರ್ತ್ ಸತಿರಥಾಯ್ ಅದರ ಅಧ್ಯಕ್ಷರು. ಅಮೆರಿಕದ ಬಿಲ್ ರಿಚರ್ಡ್‌ಸನ್, ದಕ್ಷಿಣ ಆಫ್ರಿಕದ ರೂಲ್ಫ್ ಮೇಯರ್ ಮೊದಲಾದ ಗಣ್ಯರು ಅದರಲ್ಲಿದ್ದರು.

ರಿಚರ್ಡ್‌ಸನ್ ಸೂಚಿಯವರ ಹಳೆಯ ಮಿತ್ರ. ಆದರೂ 2018ರ ಜನವರಿಯಲ್ಲಿ ಮೊದಲ ಭೇಟಿಯಲ್ಲೇ ರಾಜೀನಾಮೆ ಕೊಟ್ಟರು. ಇದು ಸುಣ್ಣ ಬಳಿಯುವ ಕೆಲಸ, ಸರಕಾರಕ್ಕೆ ಚಪ್ಪಾಳೆ ತಟ್ಟುವ ಗುಂಪಿನಲ್ಲಿ ನಾನಿರಲಾರೆ ಎಂಬರ್ಥದ ಮಾತನ್ನು ಅವರು ಬಹಿರಂಗವಾಗಿ ಹೇಳಿದರು. ಬಂಧನದಲ್ಲಿದ್ದ ರಾಯಿಟರ್ಸ್‌ನ ಇಬ್ಬರು ಪತ್ರಕರ್ತರ ವಿಷಯ ಎತ್ತಿದಾಗ ಸೂಚಿಯವರು ಸಿಟ್ಟಾದರೆಂದೂ ತಿಳಿಸಿದರು. ಆ ಪತ್ರಕರ್ತರಾದ ವಾ ಲೋನ್ ಮತ್ತು ಕ್ಯಾವ್ ಸೋ ಊ ಮಾಡಿದ್ದೇನು? ಇನ್ ದಿನ್ ಗ್ರಾಮದಲ್ಲಿ 10 ಮಂದಿ ರೊಹಿಂಗ್ಯಾ ಪುರುಷರನ್ನು ಕೊಂದು ಒಂದೇ ಗುಂಡಿಯಲ್ಲಿ ಹೂತ ಘಟನೆಯನ್ನು ಪತ್ತೆಹಚ್ಚಿದ್ದರು. ಅವರು ಮುಸ್ಲಿಮರಲ್ಲ, ಬೌದ್ಧ ಸಮಾಜದಿಂದ ಬಂದವರು. 500ಕ್ಕೂ ಹೆಚ್ಚು ದಿನ ಜೈಲಿನಲ್ಲಿದ್ದರು. ಕೊಲೆ ಮಾಡಿದ ಸೈನಿಕರು ಅವರಿಗಿಂತ ಬೇಗ ಬಿಡುಗಡೆಯಾದರು.

ಸಲಹಾ ಮಂಡಳಿ 2018ರ ಆಗಸ್ಟ್‌ನಲ್ಲಿ ಮುಗಿಯಿತು. ಅದೇ ತಿಂಗಳು 18ರಂದು ಕೋಫಿ ಅನ್ನಾನ್ ತೀರಿಕೊಂಡರು. ಅಷ್ಟರಲ್ಲಿ ಸರಕಾರ ಫಿಲಿಪ್ಪೀನ್ಸ್‌ನ ರೊಸಾರಿಯೊ ಮನಾಲೊ ಅವರ ನೇತೃತ್ವದಲ್ಲಿ ಮತ್ತೊಂದು ವಿಚಾರಣಾ ಆಯೋಗ ನೇಮಿಸಿಯಾಗಿತ್ತು. ಯುದ್ಧಾಪರಾಧಗಳು ನಡೆದಿರಬಹುದು, ಆದರೆ ಜನಾಂಗ ನಿರ್ಮೂಲನೆಯ ಉದ್ದೇಶವಿರಲಿಲ್ಲ ಎಂದು ಅದು 2020ರ ಜನವರಿಯಲ್ಲಿ ಹೇಳಿತು.

ನೆರೆಯ ಶ್ರೀಲಂಕಾದಲ್ಲೂ ಹೀಗೆಯೇ ಆಗಿತ್ತು. ಅಲ್ಲಿನ ಅಂತರ್ಯುದ್ಧದ ಕಾಲದ 16 ಪ್ರಕರಣಗಳ ತನಿಖೆಯ ಮೇಲೆ ಕಣ್ಣಿಡಲು ಅಧ್ಯಕ್ಷ ಮಹಿಂದ ರಾಜಪಕ್ಸ ಅವರು ಗಣ್ಯರ ಅಂತರರಾಷ್ಟ್ರೀಯ ತಂಡವನ್ನು ಆಹ್ವಾನಿಸಿದರು. ನಮ್ಮ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅದರ ಅಧ್ಯಕ್ಷರು. ಮುತ್ತೂರಿನಲ್ಲಿ 17 ಮಂದಿ ನೆರವು ಕಾರ್ಯಕರ್ತರ ಹತ್ಯೆ, ಪೊತ್ತುವಿಲ್ ಬಳಿ 10 ಮಂದಿ ಮುಸ್ಲಿಮ್ ಕೂಲಿಕಾರರ ಹತ್ಯೆ ಆ ಪ್ರಕರಣಗಳಲ್ಲಿ ಸೇರಿದ್ದವು. ಸತ್ಯ ಹುಡುಕುವ ರಾಜಕೀಯ ಇಚ್ಛೆಯೇ ಕಾಣುತ್ತಿಲ್ಲವೆಂದು ಆ ತಂಡ 2008ರ ಏಪ್ರಿಲ್‌ನಲ್ಲಿ ಕೆಲಸ ನಿಲ್ಲಿಸಿ ಹೊರನಡೆಯಿತು. ಆ ತಂಡದ ಸದಸ್ಯರಲ್ಲಿ ಇಂಡೋನೇಷ್ಯಾದ ಮಾಜಿ ಅಟಾರ್ನಿ ಜನರಲ್ ಮರ್ಝುಕಿ ದಾರುಸ್ಮಾನ್ ಒಬ್ಬರು.

ಆಹ್ವಾನವಿಲ್ಲದೆ ಬಂದವರು

2017ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಮ್ಯಾನ್ಮಾರ್‌ಗಾಗಿ ಸತ್ಯಶೋಧನಾ ತಂಡವನ್ನು ರಚಿಸಿತು. ಇದನ್ನು ನೇಮಿಸಿದ್ದು ಮ್ಯಾನ್ಮಾರ್ ಸರಕಾರವಲ್ಲ. ಅದೇ ಮರ್ಝುಕಿ ದಾರುಸ್ಮಾನ್ ಇದರ ಅಧ್ಯಕ್ಷರಾದರು. ಶ್ರೀಲಂಕಾದ ರಾಧಿಕಾ ಕುಮಾರಸ್ವಾಮಿ ಮತ್ತು ಆಸ್ಟ್ರೇಲಿಯಾದ ಕ್ರಿಸ್ಟೋಫರ್ ಸಿಡೋಟಿ ಸದಸ್ಯರಾದರು. ಮ್ಯಾನ್ಮಾರ್ ಇವರಿಗೆ ಬಾಗಿಲು ತೆರೆಯಲಿಲ್ಲ. ಅವರು ಗಡಿಯ ಹೊರಗೆ ಕುಳಿತು, ಓಡಿಬಂದವರನ್ನು ಒಬ್ಬೊಬ್ಬರಾಗಿ ಮಾತನಾಡಿಸಿದರು. 2018ರ ವರದಿಗಾಗಿ 875 ಮಂದಿಯ ಹೇಳಿಕೆ ಪಡೆದರು, ಉಪಗ್ರಹ ಚಿತ್ರಗಳೊಂದಿಗೆ ತಾಳೆ ನೋಡಿದರು. ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲಾಯಿಂಗ್ ಸೇರಿದಂತೆ ಜನರಲ್‌ಗಳ ಹೆಸರು ಬರೆದು, ಜನಾಂಗ ನಿರ್ಮೂಲನೆಯ ಆರೋಪದಲ್ಲಿ ಅವರ ತನಿಖೆ ನಡೆಯಬೇಕೆಂದರು. ರೊಹಿಂಗ್ಯಾ ಜನರನ್ನು ರೊಹಿಂಗ್ಯಾ ಎಂದೇ ಕರೆದರು.

ಈ ಹೊತ್ತಿಗೆ ಹಿಲ್ಫುಲ್ ಫುದೂಲ್ ನೆನಪಾಗುತ್ತದೆ. ಯಮನ್‌ನ ಝಬೀದ್‌ನಿಂದ ಮಕ್ಕಾಕ್ಕೆ ಬಂದ ಒಬ್ಬ ವ್ಯಾಪಾರಿಯ ಸರಕನ್ನು ಕೊಂಡ ಆಸ್ ಬಿನ್ ವಾಇಲ್ ಹಣ ಕೊಡಲಿಲ್ಲ. ಪರಊರಿನ ಒಂಟಿ ಮನುಷ್ಯ ಅಬೂ ಕುಬೈಸ್ ಬೆಟ್ಟವೇರಿ ಕೂಗಿಕೊಂಡ. ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಕೆಲವರು ಸೇರಿ, ಮಕ್ಕಾದವನಿರಲಿ ಹೊರಗಿನವನಿರಲಿ, ಅನ್ಯಾಯಕ್ಕೊಳಗಾದವನ ಹಕ್ಕು ಮರಳುವವರೆಗೆ ಅವನ ಜೊತೆಗಿರುತ್ತೇವೆಂದು ಪ್ರತಿಜ್ಞೆ ಮಾಡಿದರು. ಯುವಕರಾಗಿದ್ದ ಪ್ರವಾದಿ ಮುಹಮ್ಮದ್(ಸ)ರು ಅಲ್ಲಿದ್ದರು. ಪ್ರವಾದಿತ್ವ ಲಭಿಸಿದ ನಂತರವೂ, ಅಂತಹ ಒಪ್ಪಂದಕ್ಕೆ ಈಗ ಕರೆದರೂ ಹೋಗುವೆನೆಂದು ಅವರು ಹೇಳಿದ್ದರು. ಆ ಸಭೆ ಆಸ್‌ಗೆ ಸಲಹೆ ಕಳುಹಿಸಿ ಸುಮ್ಮನಾಗಲಿಲ್ಲ. ಅವನ ಮನೆ ಬಾಗಿಲಿಗೆ ಹೋಗಿ ವ್ಯಾಪಾರಿಯ ಸೊತ್ತನ್ನು ಕೊಡಿಸಿತು.

ರೊಹಿಂಗ್ಯಾ ಜನರಿಗಾಗಿ ಬಾಗಿಲು ತಟ್ಟಿದ್ದು ಪಶ್ಚಿಮ ಆಫ್ರಿಕದ ಪುಟ್ಟ ದೇಶ ಗ್ಯಾಂಬಿಯಾ. ಅದರ ನ್ಯಾಯ ಸಚಿವ ಅಬೂಬಕರ್ ತಂಬದೂ 2018ರಲ್ಲಿ ಢಾಕಾದಲ್ಲಿ ನಡೆದ ಇಸ್ಲಾಮೀ ಸಹಕಾರ ಸಂಘಟನೆಯ ಸಭೆಗೆ ಬಂದಾಗ ಕಾಕ್ಸ್ ಬಜಾರ್‌ನ ಶಿಬಿರ ನೋಡಿದರು. ಅವರು ಹಿಂದೆ ರುವಾಂಡಾ ಹತ್ಯಾಕಾಂಡದ ವಿಶೇಷ ನ್ಯಾಯಾಲಯದಲ್ಲಿ ಪ್ರಾಸಿಕ್ಯೂಟರ್ ಕಚೇರಿಯಲ್ಲಿ ದುಡಿದವರು. ಶಿಬಿರದ ಕತೆಗಳಲ್ಲಿ ಅವರಿಗೆ ರುವಾಂಡಾ ಕಂಡಿತು. 2019ರ ನವೆಂಬರ್ 11ರಂದು ಗ್ಯಾಂಬಿಯಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮ್ಯಾನ್ಮಾರ್ ವಿರುದ್ಧ ದಾವೆ ಹೂಡಿತು. ಡಿಸೆಂಬರ್‌ನಲ್ಲಿ ಸೂಚಿಯವರು ತಾವೇ ಹೋಗಿ ತಮ್ಮ ದೇಶವನ್ನು ಸಮರ್ಥಿಸಿಕೊಂಡರು. ಅರ್ಸಾದ ಪೂರ್ಣ ಹೆಸರು ಹೇಳುವಾಗಲ್ಲದೆ ರೊಹಿಂಗ್ಯಾ ಎಂಬ ಪದ ಅವರ ಬಾಯಿಂದ ಬರಲಿಲ್ಲ.

2020ರ ಜನವರಿ 23ರಂದು 17 ನ್ಯಾಯಾಧೀಶರು ಒಮ್ಮತದಿಂದ ಮಧ್ಯಂತರ ಆದೇಶ ಕೊಟ್ಟರು. ಆ ಜನರನ್ನು ರಕ್ಷಿಸಬೇಕು, ಸಾಕ್ಷ್ಯ ನಾಶ ಮಾಡಬಾರದು, ನಿಯತವಾಗಿ ವರದಿ ಒಪ್ಪಿಸಬೇಕು ಎಂದರು. ಮ್ಯಾನ್ಮಾರ್ ಆರಿಸಿ ಕಳುಹಿಸಿದ ನ್ಯಾಯಾಧೀಶರೂ ಇದಕ್ಕೆ ಸಹಮತವಿತ್ತರು. ನ್ಯಾಯಾಲಯ ಮುಖ್ಯವಾಗಿ ಆಧರಿಸಿದ್ದು ಸತ್ಯಶೋಧನಾ ತಂಡದ ವರದಿಗಳನ್ನು. ಆದೇಶದಲ್ಲಿ ಆ ಜನರ ಹೆಸರು ರೊಹಿಂಗ್ಯಾ ಎಂದೇ ಇದೆ.

2021ರ ಫೆಬ್ರವರಿ 1ರಂದು ಸೇನೆ ಸೂಚಿಯವರನ್ನೇ ಬಂಧಿಸಿ ಅಧಿಕಾರ ಹಿಡಿಯಿತು. ಹೇಗ್‌ನಲ್ಲಿ ತಮ್ಮನ್ನು ಸಮರ್ಥಿಸಿದವರನ್ನು ಜನರಲ್‌ಗಳು ಜೈಲಿಗೆ ಕಳುಹಿಸಿದರು. ಮಾರ್ಚ್‌ನಲ್ಲಿ ದಾರುಸ್ಮಾನ್, ಸಿಡೋಟಿ ಮತ್ತು ದಕ್ಷಿಣ ಕೊರಿಯಾದ ಯಾಂಘೀ ಲೀ ಸೇರಿ ಮ್ಯಾನ್ಮಾರ್‌ಗಾಗಿ ವಿಶೇಷ ಸಲಹಾ ಮಂಡಳಿಯೊಂದನ್ನು ತಾವಾಗಿಯೇ ಕಟ್ಟಿದರು. ಯಾವ ಸರಕಾರವೂ ಅವರನ್ನು ನೇಮಿಸಿರಲಿಲ್ಲ. ಅದೇ ಜೂನ್ 3ರಂದು, ಸೇನೆಯನ್ನು ವಿರೋಧಿಸಿ ರಚನೆಯಾದ ರಾಷ್ಟ್ರೀಯ ಏಕತಾ ಸರಕಾರವು ರೊಹಿಂಗ್ಯಾ ಜನರನ್ನು ಅವರ ಹೆಸರಿನಿಂದ ಕರೆದು, 1982ರ ಕಾನೂನನ್ನು ತೆಗೆದುಹಾಕುವ ಭರವಸೆ ಕೊಟ್ಟಿತು. ಅನ್ನಾನ್ ಆಯೋಗದ ಸಲಹೆ ಕೊನೆಗೂ ಯಾರದೋ ಕಿವಿಗೆ ಬಿದ್ದಿತ್ತು. ಆದರೆ ಕೇಳಿಸಿಕೊಂಡವರ ಕೈಯಲ್ಲಿ ಆಗ ಅಧಿಕಾರವಿರಲಿಲ್ಲ. ಕಾಕ್ಸ್ ಬಜಾರ್‌ನ ಜನ ಶಿಬಿರದಲ್ಲೇ ಉಳಿದರು.

ನಾವು ಕೇಳಬೇಕಾದ ಪ್ರಶ್ನೆಗಳು

ಸಲಹಾ ಸಮಿತಿ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಅನ್ನಾನ್‌ರ 88 ಶಿಫಾರಸುಗಳು ಇಂದಿಗೂ ಸರಿಯಾದ ದಾರಿಯನ್ನೇ ತೋರಿಸುತ್ತವೆ. ಆದರೆ ಯಾವುದೇ ಸಮಿತಿಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕು. ಅದನ್ನು ನೇಮಿಸಿದವರು ಯಾರು? ಅನ್ಯಾಯಕ್ಕೊಳಗಾದವರು ಅದರಲ್ಲಿ ಇದ್ದಾರೆಯೇ? ಹೆಸರು ಹಿಡಿದು ಹೇಳುವ ಸ್ವಾತಂತ್ರ್ಯ ಅದಕ್ಕಿದೆಯೇ? ಅದು ಹೇಳಿದ್ದನ್ನು ಜಾರಿ ಮಾಡಬೇಕಾದವರ ಕೈಯಲ್ಲಿ ಅಧಿಕಾರವಿದೆಯೇ?

ಈ ಪ್ರಶ್ನೆಗಳನ್ನು ದೂರದ ಮ್ಯಾನ್ಮಾರ್‌ಗೆ ಮಾತ್ರ ಕೇಳಿದರೆ ಸಾಲದು. ನಮ್ಮ ಜಮಾಅತ್‌ಗಳಲ್ಲೂ ದೂರು ಬಂದಾಗ ಸಮಿತಿ ಮಾಡುತ್ತೇವೆ. ಗಂಡನ ಮನೆಯಿಂದ ಹೊರಹಾಕಲ್ಪಟ್ಟ ಹೆಣ್ಣುಮಗಳೊಬ್ಬಳ ದೂರನ್ನು ಕೇಳಲು ಐದಾರು ಗಂಡಸರು ಕುಳಿತುಕೊಳ್ಳುತ್ತೇವೆ. ಅವಳ ಪರವಾಗಿ ಮಾತನಾಡುವ ಒಬ್ಬ ಮಹಿಳೆಯೂ ಅಲ್ಲಿರುವುದಿಲ್ಲ. ಮರ್ಯಾದೆಯ ಹೆಸರಿನಲ್ಲಿ ತಪ್ಪು ಮಾಡಿದವನ ಹೆಸರನ್ನು ಬರೆಯುವುದಿಲ್ಲ. ಸಲಹೆ ಕೊಟ್ಟು ಎದ್ದು ಹೋಗುತ್ತೇವೆ, ಅದು ಜಾರಿಯಾಯಿತೇ ಎಂದು ಕೇಳಲು ಯಾರೂ ಬಾಗಿಲು ತಟ್ಟುವುದಿಲ್ಲ. ರೊಹಿಂಗ್ಯಾ ಸದಸ್ಯರಿಲ್ಲದ ಆಯೋಗವನ್ನು ಟೀಕಿಸುವ ನಾವು ನಮ್ಮ ಸಮಿತಿಯನ್ನೂ ಒಮ್ಮೆ ನೋಡಿಕೊಳ್ಳಬೇಕಲ್ಲವೇ?

ಮುಂದಿನ ಜುಮಾದಲ್ಲಿ ರೊಹಿಂಗ್ಯಾ ಎಂಬ ಹೆಸರು ಬಂದಾಗ, ಆ ಹೆಸರನ್ನು ಹೇಳುವುದಕ್ಕೇ ಎಷ್ಟು ಹೋರಾಟ ಬೇಕಾಯಿತೆಂದು ನೆನೆಯೋಣ. ನಮ್ಮ ಊರಿನಲ್ಲಿ ಬಾಗಿಲು ತಟ್ಟಬೇಕಾದ ಮನೆ ಯಾವುದೆಂದೂ ನೆನೆಯೋಣ. ಅಲ್ಲಾಹನು ನಮ್ಮನ್ನು ನ್ಯಾಯದ ಸಾಕ್ಷಿಗಳ ಸಾಲಿನಲ್ಲಿ ಸೇರಿಸಲಿ. ಆಮೀನ್.